ಪಾಸ್ಟರ್ ಮಗಳು ಟ್ರಕ್ ಹತ್ತಿದ ಮೇಲೆ

ನಾವೊಂದಿಷ್ಟು ಜನ ಆಗಾಗ ಒಬ್ಬರ ಮನೆಯಲ್ಲಿ ಸೇರಿ, ಒಂದು ಆಲ್ಬಂ ಪೂರ್ತಿ ಕೇಳಿ, ಆಮೇಲೆ ಅದರ ಬಗ್ಗೆ ಮಾತಾಡುತ್ತೇವೆ. ಈ ಸಲ ಮಾತಾಡುವ ಸರದಿ ನನ್ನದಾಗಿತ್ತು. ಅವತ್ತು ಹೇಳಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ನಡುನಡುವೆ ಹಾಡು ಹಾಕಿದ್ದೆವು. ಆ ಜಾಗ ಬಂದಾಗ ನೀವೇ ಹುಡುಕಿ ಹಾಕಿಕೊಳ್ಳಬೇಕು.

ಮೊದಲು ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ? ಸೆಕೆ ಇದೆ, ಗೊತ್ತು. ಆದರೆ ಈ ಆಲ್ಬಂ ಶುರುವಾಗುವಾಗ ಹಳೇ ಟೇಪಿನಿಂದ ಬಂದ ಹಾಗೆ ಒಬ್ಬ ಪಾಸ್ಟರ್ ಬೋಧನೆ ಮಾಡುವ ದನಿ ಕೇಳುತ್ತದೆ. ಅವನು ತಾಯಂದಿರ ಬಗ್ಗೆ ಮಾತಾಡುತ್ತಿದ್ದಾನೆ. ಫ್ಯಾನಿನ ಸದ್ದಿನಲ್ಲಿ ಅದು ಮುಳುಗಿಹೋದರೆ ಕಥೆಯ ಬಾಗಿಲೇ ತಪ್ಪಿಹೋಗುತ್ತದೆ. ಮತ್ತೆ, ಅಮೆರಿಕದ ದಕ್ಷಿಣದ ಕಥೆ ಕೇಳೋಕೆ ಕೂತವರು ಸ್ವಲ್ಪ ಬೆವರಿದರೆ ತಪ್ಪೇನಿಲ್ಲ.

ಆಲ್ಬಂ ಹೆಸರು 'ಪ್ರೀಚರ್ಸ್ ಡಾಟರ್'. ಹಾಡಿದವರು ಈಥೆಲ್ ಕೇನ್. ಬಂದದ್ದು 2022ರ ಮೇ ತಿಂಗಳಲ್ಲಿ. 13 ಹಾಡು, ಒಟ್ಟು ಸುಮಾರು 75 ನಿಮಿಷ. ಪ್ರೀಚರ್ ಅಂದರೆ ಪಾದ್ರಿ ಅಂತ ನಮ್ಮಲ್ಲಿ ಅನುವಾದ ಮಾಡಿಬಿಡುತ್ತಾರೆ, ಆದರೆ ಪಾದ್ರಿ ಅಂದ ಕೂಡಲೇ ಮದುವೆಯಾಗದ ಕ್ಯಾಥೊಲಿಕ್ ಗುರುಗಳೇ ನೆನಪಾಗುತ್ತಾರೆ, ಅವರಿಗೆ ಮಗಳು ಎಲ್ಲಿಂದ ಬರಬೇಕು? ಇದು ಬ್ಯಾಪ್ಟಿಸ್ಟ್ ಅನ್ನುವ ಪ್ರಾಟೆಸ್ಟೆಂಟ್ ಪಂಗಡದ ಸಭೆಯ ಪಾಸ್ಟರ್‌ನ ಮಗಳ ಕಥೆ. ಊರಿನ ಕಣ್ಣೆಲ್ಲ ಅವಳ ಮೇಲೆ ಇರುತ್ತದೆ. ಭಾನುವಾರ ಮುಂದಿನ ಬೆಂಚಿನಲ್ಲಿ ಕೂರಬೇಕಾದ ಹುಡುಗಿ.

ಹೆಸರಿನ ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಹಾಡಿದವರ ನಿಜವಾದ ಹೆಸರು ಹೇಡನ್ ಅನ್ಹೆಡೋನಿಯಾ. ಅನ್ಹೆಡೋನಿಯಾ ಅನ್ನುವುದು ವೈದ್ಯರ ಪದ, ಯಾವುದರಲ್ಲೂ ಖುಷಿ ಹುಟ್ಟದ ಸ್ಥಿತಿಗೆ ಹೀಗೆನ್ನುತ್ತಾರೆ. ಅದನ್ನೇ ಹೆಸರಾಗಿ ಇಟ್ಟುಕೊಂಡಿದ್ದಾರೆ ಅಂದಮೇಲೆ ಆಲ್ಬಂ ಎಂಥದ್ದಿರಬಹುದು ಅಂತ ನೀವೇ ಊಹಿಸಿ. ಈಥೆಲ್ ಕೇನ್ ಅವರ ವೇದಿಕೆಯ ಹೆಸರೂ ಹೌದು, ಕಥೆಯಲ್ಲಿ ಬರುವ ಹುಡುಗಿಯ ಹೆಸರೂ ಹೌದು. ಇವತ್ತು ಹೇಡನ್ ಬಗ್ಗೆ ಹೇಳುವಾಗ 'ಅವರು' ಅನ್ನುತ್ತೇನೆ, ಈಥೆಲ್ ಬಗ್ಗೆ ಹೇಳುವಾಗ 'ಅವಳು' ಅನ್ನುತ್ತೇನೆ. ಇಂಗ್ಲಿಷಿನಲ್ಲಿ ಬರೆಯುವ ವಿಮರ್ಶಕರಿಗೆ ಈ ಸೌಕರ್ಯ ಇಲ್ಲ, ಪಾಪ.

ಹೇಡನ್ ಹುಟ್ಟಿದ್ದು 1998ರಲ್ಲಿ, ಫ್ಲೋರಿಡಾದ ಟ್ಯಾಲಹಾಸಿಯಲ್ಲಿ. ಬೆಳೆದದ್ದು ಪೆರ್ರಿ ಅನ್ನುವ ಸಣ್ಣ ಊರಿನಲ್ಲಿ. ಫ್ಲೋರಿಡಾ ಅಂದರೆ ನಮಗೆ ಮಯಾಮಿ ಬೀಚು, ಡಿಸ್ನಿ, ಇಷ್ಟೇ. ಪೆರ್ರಿ ಇರುವುದು ಆ ರಾಜ್ಯದ ಉತ್ತರದಲ್ಲಿ. ಪೈನ್ ಮರದ ನೆಡುತೋಪುಗಳು, ಮರ ಕಡಿಯುವ ಕೆಲಸ, ಊರಾಚೆ 2023ರಲ್ಲಿ ಮುಚ್ಚಿದ ಪಲ್ಪ್ ಮಿಲ್ಲು, ಜನ ಸುಮಾರು 7 ಸಾವಿರ. ಫ್ಲೋರಿಡಾದಲ್ಲಿ ಉತ್ತರಕ್ಕೆ ಹೋದಷ್ಟೂ ದಕ್ಷಿಣ ಸಿಗುತ್ತದೆ ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ಯಾಕೆಂದರೆ ಅಮೆರಿಕದವರ ಬಾಯಲ್ಲಿ 'ದಕ್ಷಿಣ' ಅಂದರೆ ಬರೀ ದಿಕ್ಕಲ್ಲ. ಅಲಬಾಮಾ, ಜಾರ್ಜಿಯಾ, ಮಿಸಿಸಿಪಿ ಇವುಗಳ ಮಾತಿನ ಧಾಟಿ, ಹತ್ತಿ ಹೊಲ, ಗುಲಾಮಗಿರಿಯ ನೆನಪು, ಚರ್ಚು, ಸೋತ ಅಂತರ್ಯುದ್ಧದ ಸಿಟ್ಟು ಎಲ್ಲ ಸೇರಿದರೆ ಅದು ದಕ್ಷಿಣ.

ಹೇಡನ್ ಅವರ ತಂದೆ ಸದರ್ನ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ಡೀಕನ್, ಅಂದರೆ ಸಭೆಯ ಹಿರಿಯ ಜವಾಬ್ದಾರಿ ಹೊತ್ತವರು. ತಾಯಿ ಹಾಡುವ ಬಳಗದಲ್ಲಿ. ಓದೆಲ್ಲ ಮನೆಯಲ್ಲೇ. ಸಂಗೀತ ಅಂದರೆ ಚರ್ಚಿನ ಸಂಗೀತ. ಹದಿಹರೆಯದಲ್ಲೇ ಆ ಚರ್ಚು ಬಿಟ್ಟರು. ಇಪ್ಪತ್ತರ ವಯಸ್ಸಿನಲ್ಲಿ ತಾನು ಟ್ರಾನ್ಸ್ ಮಹಿಳೆ ಎಂದು ಹೇಳಿಕೊಂಡರು. ಈ ಸಭೆಗಳ ಒಕ್ಕೂಟದ ಹುಟ್ಟನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು: 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ, ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಎಂಬ ಜಗಳದಲ್ಲಿ, ಆಗಬಹುದು ಎಂದವರು ಉತ್ತರದವರಿಂದ ಬೇರೆಯಾಗಿ ಕಟ್ಟಿಕೊಂಡದ್ದು. 1995ರಲ್ಲಿ ಅದಕ್ಕೆ ಕ್ಷಮೆಯನ್ನೂ ಕೇಳಿದರು. ಅಂಥ ಬುಡದ ಮೇಲೆ ನಿಂತ ಮನೆಯ ಕಥೆ ಇದು.

ಇಂಥ ಕಥೆಗಳಿಗೆ 'ಸದರ್ನ್ ಗೋಥಿಕ್', ಅಂದರೆ ದಕ್ಷಿಣದ ಗೋಥಿಕ್, ಅಂತ ಹೆಸರಿದೆ. ಆ ಹೆಸರಿಗೂ ಬುಡ ಇಲ್ಲೇ ಸಿಗುತ್ತದೆ. ಯುರೋಪಿನಲ್ಲಿ ಗೋಥಿಕ್ ಕಥೆ ಅಂದರೆ ಕೋಟೆ, ನೆಲಮಾಳಿಗೆ, ಗಾಳಿಗೆ ಆರುವ ಮೇಣದ ಬತ್ತಿ. ಅಮೆರಿಕದ ದಕ್ಷಿಣದಲ್ಲಿ ಕೋಟೆ ಎಲ್ಲಿದೆ? ಬಣ್ಣ ಕಿತ್ತ ಮರದ ಮನೆ ಇದೆ, ಮನೆಯನ್ನೇ ನುಂಗುವ ಬಳ್ಳಿ ಇದೆ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಮನೆಯೊಳಗಿನ ಗುಟ್ಟು ಇದೆ. ಫಾಕ್ನರ್, ಫ್ಲ್ಯಾನರಿ ಓಕಾನರ್ ಇವರೆಲ್ಲ ಬರೆದದ್ದು ಈ ಲೋಕವನ್ನೇ. ದೆವ್ವ ಬೇಕಾಗಿಲ್ಲ ಅಲ್ಲಿ. ಊಟದ ಮೇಜಿನ ತುದಿಯಲ್ಲಿ ಪ್ರಾರ್ಥನೆ ಹೇಳುವ ಅಪ್ಪನೇ ಸಾಕು.

ಈಗ ಕಥೆ. ಜಾಗ ಅಲಬಾಮಾ, ಇಸವಿ 1991. ಪಾಸ್ಟರ್ ಆಗಿದ್ದ ಅಪ್ಪ ಸತ್ತು ವರ್ಷಗಳಾಗಿವೆ, ಆದರೆ ಮನೆಯಿಂದ ಹೋಗಿಲ್ಲ. ಈಥೆಲ್‌ಗೆ ವಿಲೋಬಿ ಟಕರ್ ಎಂಬ ಹುಡುಗನ ಮೇಲೆ ಪ್ರೀತಿ, ಅವನು ಊರು ಬಿಟ್ಟು ಹೋಗಿದ್ದಾನೆ. ಆಮೇಲೆ ಲೋಗನ್ ಎಂಬ ಪುಂಡನ ಜೊತೆ ಸೇರುತ್ತಾಳೆ, ಅವನು ದರೋಡೆ ಮಾಡಲು ಹೋಗಿ ಸಾಯುತ್ತಾನೆ. ಅವಳು ಓಡುತ್ತಾಳೆ. ಟೆಕ್ಸಸ್‌ನಲ್ಲಿ ರಸ್ತೆ ಬದಿಯಲ್ಲಿ ಒಬ್ಬ ಗಾಡಿ ನಿಲ್ಲಿಸುತ್ತಾನೆ. ಹೆಸರು ಐಸಾಯ, ಕನ್ನಡ ಬೈಬಲ್ಲಿನಲ್ಲಿ ಯೆಶಾಯ ಅಂತೀವಲ್ಲ, ಆ ಪ್ರವಾದಿಯ ಹೆಸರು. ಅವನ ಜೊತೆ ಕ್ಯಾಲಿಫೋರ್ನಿಯಾ ತಲುಪುತ್ತಾಳೆ. ಅಲ್ಲಿ ಅವನು ಅವಳಿಗೆ ಮದ್ದು ಹಾಕಿ, ಮೈ ಮಾರಿಸಿ, ಕೊನೆಗೆ ಕೊಂದು, ಫ್ರೀಜರಿನಲ್ಲಿಟ್ಟು, ತಿನ್ನುತ್ತಾನೆ. ಹೌದು, ತಿನ್ನುತ್ತಾನೆ. ಹಿಂದೆ ಕೂತವರು ಕಾಫಿ ಲೋಟ ಕೆಳಗಿಟ್ಟಿದ್ದು ನನಗೆ ಕಾಣಿಸಿತು.

ಕಥೆ ಹೀಗೆ ಮೂರು ಸಾಲಿನಲ್ಲಿ ಹೇಳಿದರೆ ಕ್ರೈಂ ಧಾರಾವಾಹಿ ತರ ಕೇಳುತ್ತದೆ. ಒಂದು ದೂರನ್ನೂ ಈಗಲೇ ಹೇಳಿಬಿಡುತ್ತೇನೆ. ಈ ಕಥೆ ಪೂರ್ತಿಯಾಗಿ ಹಾಡುಗಳಲ್ಲಿ ಇಲ್ಲ. ಲೋಗನ್ ಹೇಗೆ ಸತ್ತ, ಯಾವ ಇಸವಿ, ಯಾವ ಊರು, ಇದೆಲ್ಲ ಬಹಳಷ್ಟು ಹೇಡನ್ ಹೊರಗೆ ಹೇಳಿದ್ದರಿಂದ ನಮಗೆ ಗೊತ್ತು. ಸುಮ್ನೆ ಹಾಡು ಮಾತ್ರ ಕೇಳಿದವನಿಗೆ ಯಾರೋ ಬಿಟ್ಟುಹೋದ, ಯಾರೋ ಸಿಕ್ಕ, ಏನೋ ಆಯಿತು ಅನ್ನುವಷ್ಟೇ ಸಿಗುತ್ತದೆ. ಕಥೆ ಹೇಳುವ ಆಲ್ಬಂ ಅಂತ ಹೊರಟ ಮೇಲೆ ಇದು ಕೊರತೆಯೇ. ಅಭಿಮಾನಿಗಳು ಇದನ್ನೇ ದೊಡ್ಡ ಗುಣ ಮಾಡಿ ಮಾತಾಡುತ್ತಾರೆ, ನನಗೆ ಅಷ್ಟು ಒಪ್ಪಿಗೆ ಇಲ್ಲ.

ಆದರೆ ಒಂದು ವಿಷಯದಲ್ಲಿ ಈ ಆಲ್ಬಂ ಬಹಳ ಜಾಣತನದ್ದು. ಇವತ್ತು ನಾನು ಮಾತಾಡಬೇಕು ಅಂತ ಬಂದದ್ದೂ ಅದೊಂದೇ ವಿಷಯ. ಇಲ್ಲಿ ಪದಗಳು ಹೇಳದ ಕಥೆಯನ್ನು ಸಂಗೀತದ ಬಗೆಗಳು ಹೇಳುತ್ತವೆ. ಯಾವ ಹಾಡು ಯಾವ ಜಾತಿಯದ್ದು ಅನ್ನುವುದೇ ಕಥೆ. ಚಂದದ ಹಾಡು ಬಂದಾಗಲೆಲ್ಲ ಅದು ಗಾಳಕ್ಕೆ ಚುಚ್ಚಿದ ಎರೆ. ಅವಳ ಜೊತೆ ನಾವೂ ಕಚ್ಚುತ್ತೇವೆ.

ಎರಡನೇ ಹಾಡು 'ಅಮೆರಿಕನ್ ಟೀನೇಜರ್' ಹಾಕ್ತೀನಿ, ಕೇಳಿ.

ಕಾಲು ಕುಣೀತು ಅಲ್ವಾ? ಎಂಬತ್ತರ ದಶಕದ ಸ್ಟೇಡಿಯಂ ರಾಕ್, ಹೊಳೆಯುವ ಗಿಟಾರು, ಹೆದ್ದಾರಿಯಲ್ಲಿ ಕಿಟಕಿ ಇಳಿಸಿಕೊಂಡು ಹೋಗುವಾಗ ಹಾಕುವ ಹಾಡು. ಪದ ನೋಡಿದರೆ ಪಕ್ಕದ ಮನೆಯ ಹುಡುಗನ ಅಣ್ಣ ಯುದ್ಧದಿಂದ ಪೆಟ್ಟಿಗೆಯಲ್ಲಿ ವಾಪಸ್ ಬಂದಿದ್ದಾನೆ. ಕುಡಿತ ಇದೆ, ಯೇಸುವಿನ ಜೊತೆ ಜಗಳ ಇದೆ. 2022ರ ಕೊನೆಯಲ್ಲಿ ಬರಾಕ್ ಒಬಾಮ ಪ್ರತಿವರ್ಷ ಹೊರಡಿಸುವ ಮೆಚ್ಚಿನ ಹಾಡುಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದರು. ಯುದ್ಧವನ್ನೂ ದೇಶಭಕ್ತಿಯನ್ನೂ ಬೇಡ ಅನ್ನುವ ನನ್ನ ಹಾಡು ಒಬ್ಬ ಮಾಜಿ ಅಧ್ಯಕ್ಷರ ಪಟ್ಟಿಗೆ ಹೋಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ ಅನ್ನುವ ಅರ್ಥದಲ್ಲಿ ಹೇಡನ್ ಆಗ ತಮಾಷೆ ಮಾಡಿದ್ದರು. ಸೈನ್ಯ ಕಳಿಸುವ ಕುರ್ಚಿಯಲ್ಲಿ ಎಂಟು ವರ್ಷ ಕೂತವರೂ ಎರೆ ಕಚ್ಚಿದರು ನೋಡಿ. ಅವರು ಪದ ಕೇಳಿಸಿಕೊಂಡೇ ಮೆಚ್ಚಿದರೋ ಏನೋ, ಅದು ಬೇರೆ ಮಾತು.

ಆಮೇಲೆ ಆಲ್ಬಂ ಒಮ್ಮೆಗೇ ನಿಧಾನವಾಗುತ್ತದೆ. 'ಎ ಹೌಸ್ ಇನ್ ನೆಬ್ರಾಸ್ಕಾ' 7 ನಿಮಿಷಕ್ಕೂ ಜಾಸ್ತಿ ಇದೆ. ಪಿಯಾನೊ, ಅದರ ಹಿಂದೆ ಖಾಲಿ ಚರ್ಚಿನಲ್ಲಿ ಹಾಡಿದ ಹಾಗೆ ತುಂಬಾ ಹೊತ್ತು ಉಳಿಯುವ ಮಾರ್ದನಿ. ನಾನು ಇದನ್ನು ಮೊದಲ ಸಲ ಕೇಳಿದ್ದು ಸಾಗರಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ತುಮಕೂರು ದಾಟುವ ಹೊತ್ತಿಗೆ ಶುರುವಾದ ಹಾಡು ಇನ್ನೂ ಮುಗಿದಿಲ್ಲವಲ್ಲ ಅಂತ ಎರಡು ಸಲ ಫೋನ್ ನೋಡಿದೆ. ಆಮೇಲೆ ನೋಡುವುದನ್ನು ಬಿಟ್ಟೆ. ಬಿಟ್ಟುಹೋದವನನ್ನು ನೆನೆಯುವವಳಿಗೆ ಹೊತ್ತು ಹೀಗೇ ಹೋಗುವುದು ಅಂತ ಅನ್ನಿಸಿದ ಮೇಲೆ ಹಾಡು ಉದ್ದ ಅನ್ನಿಸಲಿಲ್ಲ.

ಈ ಮಾರ್ದನಿಯ ಬಗ್ಗೆ ಒಂದು ಮಾತು. ಆಲ್ಬಂನ ಬಹುಪಾಲು ಹಾಡುಗಳನ್ನು ಬರೆದು, ಹಾಡಿ, ಧ್ವನಿ ಕಟ್ಟಿದ್ದು ಹೇಡನ್ ಅವರೇ, ಜೊತೆಗೆ ಮ್ಯಾಥ್ಯೂ ತೋಮಸಿ ಅನ್ನುವ ಗೆಳೆಯ ಇದ್ದರು. ದೊಡ್ಡ ಸ್ಟುಡಿಯೋ ಹಿನ್ನೆಲೆಯಿಂದ ಬಂದವರಲ್ಲ, ಬಾಡಿಗೆ ಮನೆಗಳಲ್ಲಿ ಕೂತು ಕಂಪ್ಯೂಟರಿನಲ್ಲಿ ಕಲಿತವರು. ಆಲ್ಬಂ ಬರುವ ಮುಂಚೆ ಇಂಡಿಯಾನಾದಲ್ಲಿ ಮನೆಯಾಗಿ ಬದಲಾದ ಒಂದು ಹಳೇ ಚರ್ಚಿನಲ್ಲಿ ವಾಸವಿದ್ದರು. ಚರ್ಚು ಬಿಟ್ಟು ಬಂದವರು ಚರ್ಚಿನ ಕಟ್ಟಡದಲ್ಲೇ ಹೋಗಿ ಮನೆ ಮಾಡಿದ್ದು! ಈಥೆಲ್ ಮಾಡುವುದೂ ಅದನ್ನೇ. ಎಷ್ಟು ದೂರ ಓಡಿದರೂ ದನಿ ಮಾತ್ರ ಪ್ರಾರ್ಥನೆಯ ಹಾಲಿನಲ್ಲೇ ಇರುತ್ತದೆ.

'ವೆಸ್ಟರ್ನ್ ನೈಟ್ಸ್', 'ಫ್ಯಾಮಿಲಿ ಟ್ರೀ' ಬೇಗ ದಾಟಿಬಿಡೋಣ, ಚೆನ್ನಾಗಿವೆ. 'ಹಾರ್ಡ್ ಟೈಮ್ಸ್' ಬಗ್ಗೆ ಮಾತ್ರ ದನಿ ತಗ್ಗಿಸಿ ಹೇಳಬೇಕು. ಅಪ್ಪ ಅವಳಿಗೆ ಏನು ಮಾಡಿದ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಆಶ್ಚರ್ಯ ಅಂದರೆ ಇದು ಇಡೀ ಆಲ್ಬಂನಲ್ಲಿ ಅತಿ ಮೆತ್ತನೆಯ ಹಾಡು. ಕಿರುಚಾಟ ಇಲ್ಲ, ಡ್ರಮ್ಮಿನ ಹೊಡೆತ ಇಲ್ಲ. ಜೋಗುಳದ ತರ ಇದೆ. ಕೇಳುತ್ತಾ ಇದ್ದವರಿಗೆ ಅರ್ಥವಾಗುವುದು ಸ್ವಲ್ಪ ತಡವಾಗಿ, ಅರ್ಥವಾದ ಮೇಲೆ ಆ ಮೆತ್ತಗಿನ ದನಿಯೇ ತಡೆಯಲಾಗುವುದಿಲ್ಲ.

ಈಗ ನಾನು ಕಾಯುತ್ತಿದ್ದ ಹಾಡು, 'ಥರೋಫೇರ್'. 9 ನಿಮಿಷ ದಾಟುತ್ತದೆ. ಹಾರ್ಮೋನಿಕಾ ಎತ್ತಿಕೊಂಡ ಕೂಡಲೇ ಕಿಟಕಿ ತೆರೆದ ಹಾಗಾಗುತ್ತದೆ. ಇಷ್ಟು ಹೊತ್ತು ಚರ್ಚಿನ ಹಾಲಿನಲ್ಲಿ ಬೆವರುತ್ತಿದ್ದವರು ಬಯಲಿಗೆ ಬಂದೆವು. ಅಪ್ಪಟ ಕಂಟ್ರಿ ಧಾಟಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ. ಪಿಕಪ್ ಟ್ರಕ್ಕು, ಟೆಕ್ಸಸ್ ರಸ್ತೆ, ನನ್ನ ಜೊತೆ ಪಶ್ಚಿಮ ನೋಡೋಕೆ ಬರ್ತೀಯಾ ಅಂತ ಕೇಳುವ ಅಪರಿಚಿತ. ಮೊದಲು ಅವಳಿಗೆ ಭಯ. ಆಮೇಲೆ ಮೆಲ್ಲಗೆ ಡ್ರಮ್ಮು ಸೇರುತ್ತದೆ, ಗಿಟಾರು ತೆರೆಯುತ್ತದೆ, ಕೊನೆ ಕೊನೆಗೆ ಪದವೇ ಬೇಡ ಎಂಬಂತೆ ಕೂಗು ಹಾಕಿಕೊಂಡು ಹಾಡುತ್ತಾಳೆ. ಇಡೀ 75 ನಿಮಿಷದಲ್ಲಿ ಅವಳು ಮನಸಾರೆ ನಗುವುದು ಇಲ್ಲೇ ಅಂತ ನನ್ನ ಲೆಕ್ಕ.

ಅವಳನ್ನು ಕೊಲ್ಲುವವನು ಇವನೇ.

ಮೊದಲ ಸಲ ಕೇಳುವವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದು ಕೇಳಿದರೂ ಪ್ರಯೋಜನ ಇಲ್ಲ, ಹಾಡು ಅಷ್ಟು ಒಳ್ಳೆಯದು. ನಾಲ್ಕನೇ ಸಲ ಕೇಳುವಾಗಲೂ ನಾನು ತಲೆದೂಗುತ್ತಲೇ ಇದ್ದೆ, ಅಂದರೆ ನಾಲ್ಕನೇ ಸಲವೂ ಟ್ರಕ್ ಹತ್ತಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಎಷ್ಟು ಸಲ ಕೇಳಿಲ್ಲ ನಾವು? ಕಂಟ್ರಿ ಸಂಗೀತವನ್ನು ಹೇಡನ್ ಇಲ್ಲಿ ಅಲಂಕಾರಕ್ಕೆ ಸೇರಿಸಿಲ್ಲ. ಅಮೆರಿಕದವರ ಕಿವಿಗೆ ಆ ಧಾಟಿ ಅಂದರೆ ನಂಬಿಕೆ, ಮನೆ, ನಮ್ಮವನು. ಸಿಂಥಸೈಜರ್ ಹಿಡಿದು ಬಂದವನ ಗಾಡಿ ಹತ್ತುವ ಮುಂಚೆ ಎರಡು ಸಲ ಯೋಚಿಸುತ್ತಿದ್ದಳೇನೋ, ಹಾರ್ಮೋನಿಕಾ ಊದಿಕೊಂಡು ಬಂದವನ ಮೇಲೆ ಅನುಮಾನ ಹೇಗೆ ಬರಬೇಕು?

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಚರ್ಚು ಮತ್ತು ಕಂಟ್ರಿ ಬೇರೆ ಬೇರೆ ಮನೆಯವಲ್ಲ. ಕಂಟ್ರಿಯ ಮೊದಲ ತಲೆಮಾರಿನ ತಂಡ ಕಾರ್ಟರ್ ಫ್ಯಾಮಿಲಿ 1927ರಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಮೊದಲ ಸಲ ರೆಕಾರ್ಡ್ ಮಾಡಿದಾಗಿನಿಂದ ಅವರ ಹಾಡಿನ ಗಂಟಿನಲ್ಲಿ ದೇವರ ಹಾಡೂ ಇತ್ತು, ಕೊಲೆಯ ಹಾಡೂ ಇತ್ತು, ಎರಡಕ್ಕೂ ಒಂದೇ ಗಿಟಾರು. ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಲೂಸಿಯಾನಾದ ಫೆರಿಡೇ ಅನ್ನುವ ಸಣ್ಣ ಊರಿನಲ್ಲಿ ಮೂವರು ದಾಯಾದಿ ಹುಡುಗರು ಪಿಯಾನೊ ಬಾರಿಸುತ್ತಾ ಬೆಳೆದರು. ಒಬ್ಬ ಜೆರ್ರಿ ಲೀ ಲೂಯಿಸ್, ರಾಕ್ ಅಂಡ್ ರೋಲ್‌ನ ಪುಂಡ, ಆಮೇಲೆ ಕಂಟ್ರಿ ಹಾಡಿಯೂ ಹೆಸರು ಮಾಡಿದ. ಇನ್ನೊಬ್ಬ ಮಿಕಿ ಗಿಲೀ, ಕಂಟ್ರಿ ಗಾಯಕ. ಮೂರನೆಯವನು ಜಿಮ್ಮಿ ಸ್ವಾಗರ್ಟ್, ಟಿವಿಯಲ್ಲಿ ಬೋಧನೆ ಮಾಡಿ ಲಕ್ಷಾಂತರ ಜನರನ್ನು ಸೆಳೆದ ಪಾಸ್ಟರ್. ಒಂದೇ ಮನೆತನ ಅಂದೆನಲ್ಲ, ಅಕ್ಷರಶಃ ಒಂದೇ.

ಈ ಸ್ವಾಗರ್ಟ್ 1988ರಲ್ಲಿ ವೇಶ್ಯೆಯ ಸಹವಾಸ ಬಯಲಾಗಿ, ನಾನು ಪಾಪ ಮಾಡಿದ್ದೇನೆ ಎಂದು ಟಿವಿ ಕ್ಯಾಮೆರಾ ಮುಂದೆ ಕಣ್ಣೀರು ಸುರಿಸಿದ. ಅದಕ್ಕೆ ಒಂದು ವರ್ಷ ಮೊದಲು ಇನ್ನೊಬ್ಬ ಟಿವಿ ಪಾಸ್ಟರ್ ಜಿಮ್ ಬೇಕರ್ ಹಗರಣದಲ್ಲಿ ಸಿಕ್ಕಿ ಕೆಳಗಿಳಿದಿದ್ದ, 1989ರಲ್ಲಿ ಅವನಿಗೆ ಭಕ್ತರ ಹಣದ ವಂಚನೆಗೆ ಶಿಕ್ಷೆಯಾಯಿತು. ಈಥೆಲ್ ಕಥೆಯ ಇಸವಿ 1991 ಅಂದೆ. ಅಂದರೆ ಅವಳು ಬೆಳೆದದ್ದು ಮನೆಮನೆಯ ಟಿವಿಯಲ್ಲೂ ಪಾಸ್ಟರ್‌ಗಳು ಅತ್ತ ಕಾಲದಲ್ಲಿ. ಆಲ್ಬಂನಲ್ಲಿ 'ಟೆಲಿವ್ಯಾಂಜೆಲಿಸಂ' ಅನ್ನುವ ತುಣುಕೇ ಇದೆ, ಅದಕ್ಕೆ ಬರುತ್ತೇನೆ.

'ಗಿಬ್ಸನ್ ಗರ್ಲ್' ನನಗೆ ಅಷ್ಟು ಹತ್ತಿರ ಆಗಲಿಲ್ಲ. ಹೆಸರು ಮಾತ್ರ ಚೆನ್ನಾಗಿದೆ. 1890ರ ದಶಕದಲ್ಲಿ ಚಾರ್ಲ್ಸ್ ಡೇನಾ ಗಿಬ್ಸನ್ ಎಂಬ ಕಲಾವಿದ ಪೆನ್ನಿನಲ್ಲಿ ಬಿಡಿಸುತ್ತಿದ್ದ ಸುಂದರಿಯರಿಗೆ ಆ ಹೆಸರು. ಅಮೆರಿಕದ ಹೆಣ್ಣು ಹೀಗಿರಬೇಕು ಅಂತ ಒಬ್ಬ ಗಂಡಸು ಬರೆದ ಚಿತ್ರ. ಈಥೆಲ್ ಈಗ ಇನ್ನೊಬ್ಬ ಗಂಡಸಿನ ಕೈಯಲ್ಲಿನ ಚಿತ್ರ. ಕಂಟ್ರಿ ಪೂರ್ತಿ ಮಾಯ. ಟ್ರಕ್ಕಿನಲ್ಲಿ ಕೇಳಿದ ಹಾರ್ಮೋನಿಕಾ ಮತ್ತೆ ಬರುವುದೇ ಇಲ್ಲ. ಗಮನಿಸಿ, ಎರೆ ಕಚ್ಚಿದ ಮೇಲೆ ಇನ್ನು ಎರೆ ಯಾಕೆ?

ಮುಂದಿನದು 'ಟಾಲಮೇಯ'. ಇದನ್ನು ಹಾಕುವ ಮುಂಚೆ ದನಿ ಸ್ವಲ್ಪ ತಗ್ಗಿಸಿ, ಕೆಳಗಿನ ಮನೆಯವರು ಮೇಲೆ ಬಂದಾರು. ನೊಣಗಳ ಗುಂಯ್ ಸದ್ದು, ನಿಧಾನಕ್ಕೆ ಎಳೆದುಕೊಂಡು ಬರುವ ಡೂಮ್ ಮೆಟಲ್ ಗಿಟಾರು, ಪಾತಾಳದಿಂದ ಬಂದ ಹಾಗೆ ಒಂದು ಗಂಡು ದನಿ. ಅವಳು ನಿಲ್ಲಿಸು, ನಿಲ್ಲಿಸು ಅನ್ನುತ್ತಾ ಹೋಗಿ ಒಂದು ಕಡೆ ಕಿರುಚುತ್ತಾಳೆ. ಮೊದಲ ಸಲ ಕೇಳಿದಾಗ ನಾನು ಇಯರ್‌ಫೋನ್ ಕಿತ್ತು, ಪಕ್ಕದ ಸೀಟಿನವರಿಗೆ ಕೇಳಿಸಿತೇನೋ ಅಂತ ನೋಡಿದ್ದೆ. ಅವರು ಗೊರಕೆ ಹೊಡೆಯುತ್ತಿದ್ದರು.

ಹೆಸರು ಬಂದದ್ದು ನರಕದ ಬಗ್ಗೆ ಕಾವ್ಯ ಬರೆದ ಇಟಲಿಯ ಹಳೇ ಕವಿ ಡಾಂಟೆಯಿಂದ. ಅವನ ನರಕದ ಒಂಬತ್ತನೆಯ ಸುತ್ತು, ಎಲ್ಲಕ್ಕಿಂತ ಕೆಳಗಿನದು, ಬೆಂಕಿಯದ್ದಲ್ಲ. ಮಂಜುಗಡ್ಡೆಯದು. ನಂಬಿಕೆ ದ್ರೋಹ ಮಾಡಿದವರು ಅಲ್ಲಿ ಹೆಪ್ಪುಗಟ್ಟಿ ನಿಂತಿರುತ್ತಾರೆ. ಅದರಲ್ಲಿ ನಾಲ್ಕು ವಲಯ. ಮೂರನೆಯದೇ ಈ ಟಾಲಮೇಯ, ಮನೆಗೆ ಬಂದ ಅತಿಥಿಗೆ ದ್ರೋಹ ಮಾಡಿದವರ ಜಾಗ. ಅಲ್ಲಿರುವವರ ಕಣ್ಣೀರು ಕಣ್ಣಲ್ಲೇ ಗಡ್ಡೆ ಕಟ್ಟಿರುತ್ತದೆ. ಇನ್ನೂ ಭಯಂಕರ ವಿಷಯ ಏನೆಂದರೆ, ಅಲ್ಲಿಗೆ ಹೋಗೋಕೆ ಸಾಯಲೇಬೇಕು ಅಂತಿಲ್ಲ. ದ್ರೋಹ ಮಾಡಿದ ಗಳಿಗೆಯಲ್ಲೇ ಆತ್ಮ ಕೆಳಗೆ ಬೀಳುತ್ತದೆ, ಮೇಲೆ ದೇಹದಲ್ಲಿ ಒಂದು ಪಿಶಾಚಿ ಸೇರಿಕೊಂಡು ಉಂಡು, ಉಟ್ಟು, ಓಡಾಡಿಕೊಂಡಿರುತ್ತದೆ. ಐಸಾಯನನ್ನು ಇದಕ್ಕಿಂತ ಚೆನ್ನಾಗಿ ವಿವರಿಸೋಕೆ ನನ್ನಿಂದ ಆಗಲ್ಲ.

ಆ ನಾಲ್ಕರಲ್ಲಿ ಮೊದಲ ವಲಯದ ಹೆಸರು ಕೈನಾ. ರಕ್ತಸಂಬಂಧಿಗಳಿಗೆ ದ್ರೋಹ ಮಾಡಿದವರದ್ದು. ತಮ್ಮನನ್ನು ಕೊಂದ ಕಾಯಿನನ ಹೆಸರೇ ಅದಕ್ಕೆ. ನಮ್ಮ ಹುಡುಗಿಯ ಹೆಸರಿನಲ್ಲಿರುವ ಕೇನ್ ಕೂಡ ಅದೇ ಕಾಯಿನ. ಹಾಗಾದರೆ ಅಪ್ಪ ಒಂದನೇ ವಲಯದಲ್ಲಿ, ಐಸಾಯ ಮೂರನೆಯದರಲ್ಲಿ, ಇಬ್ಬರ ಮಧ್ಯೆ ಜಾಸ್ತಿ ದೂರ ಇಲ್ಲ. ಮತ್ತೆ ಆ ಮಂಜುಗಡ್ಡೆ! ನರಕದಲ್ಲಿ ಹೆಪ್ಪುಗಟ್ಟಬೇಕಾದವನು ಅವನು, ಫ್ರೀಜರಿಗೆ ಹೋದವಳು ಅವಳು. ಇದನ್ನು ಹೇಡನ್ ಅಂದುಕೊಂಡೇ ಮಾಡಿದರೋ ನಾನು ಓದಿಕೊಂಡೆನೋ, ಹೇಗಿದ್ದರೂ ಕೂಡಿಕೊಳ್ಳುತ್ತದೆ.

ಆಮೇಲೆ ಎರಡು ತುಣುಕುಗಳಲ್ಲಿ ಪದವೇ ಇಲ್ಲ. 'ಆಗಸ್ಟ್ ಅಂಡರ್‌ಗ್ರೌಂಡ್'ನಲ್ಲಿ ಅವಳು ಸಾಯುತ್ತಾಳೆ. ಕೊಲೆಯನ್ನು ಹಾಡಿನಲ್ಲಿ ವರ್ಣಿಸದೆ ಬಿಟ್ಟದ್ದು ಒಳ್ಳೆಯದಾಯಿತು. ಬೇರೆಯವರಾಗಿದ್ದರೆ ಅಲ್ಲೇ ಅರ್ಧ ಗಂಟೆ ರಕ್ತ ಹರಿಸುತ್ತಿದ್ದರು. ಅದಾದ ಮೇಲೆ 'ಟೆಲಿವ್ಯಾಂಜೆಲಿಸಂ', ಬರೀ ಪಿಯಾನೊ. ಎಷ್ಟು ಚಂದ ಅಂದರೆ, ಸ್ವರ್ಗಕ್ಕೆ ಏರುತ್ತಿದ್ದಾಳೆ ಅನ್ನಿಸುತ್ತದೆ. ಆದರೆ ಹೆಸರು ನೋಡಿ, ಟಿವಿ ಪಾಸ್ಟರ್‌ಗಳ ಧಂಧೆಯ ಹೆಸರು. ಹಾಡಿನಲ್ಲೂ ಸುರುಳಿ ಹಳತಾದ ಕ್ಯಾಸೆಟ್ಟಿನ ಹಾಗೆ ಸ್ವರ ಸ್ವಲ್ಪ ಸ್ವಲ್ಪ ಓಲಾಡುತ್ತದೆ. ಇದು ಸ್ವರ್ಗವೋ, ಟಿವಿಯಲ್ಲಿ ತೋರಿಸಿದ ಸ್ವರ್ಗವೋ? ನನಗಂತೂ ಕೊನೆಯ ಎರೆ ಇದೇ ಅನ್ನಿಸುತ್ತದೆ, ಈ ಸಲ ಗಾಳ ಹಾಕಿದವರು ಮಾತ್ರ ಬೇರೆ.

'ಸನ್ ಬ್ಲೀಚ್ಡ್ ಫ್ಲೈಸ್' ಅವಳು ಸತ್ತ ಮೇಲೆ ಹಾಡುವ ಹಾಡು. ಚರ್ಚನ್ನು ಬೈಯಬಹುದು ಅಂತ ನಾವು ಕಾಯುತ್ತೇವೆ. ಅವಳು ಬೈಯುವುದಿಲ್ಲ. ದೇವರಿಗೆ ಪ್ರೀತಿ ಇದೆ, ಕಾಪಾಡುವಷ್ಟು ಇಲ್ಲ, ಅನ್ನುವ ಅರ್ಥದ ಮಾತು ಬರುತ್ತದೆ. ಆದರೆ ಆ ಭಾನುವಾರಗಳನ್ನು, ಆ ಬೆಂಚುಗಳನ್ನು, ಒಟ್ಟಿಗೆ ಹಾಡುವ ಜನರನ್ನು ನೆನೆಯುತ್ತಾಳೆ. ಆ ನೆಬ್ರಾಸ್ಕಾದ ಮನೆಯೂ ಮತ್ತೆ ನೆನಪಿಗೆ ಬರುತ್ತದೆ. ಹೀಗೆ ಬಿಟ್ಟುಬಂದ ಜಾಗವನ್ನು ಬೈಯಲೂ ಆಗದೆ, ಅಲ್ಲಿಗೆ ವಾಪಸ್ ಹೋಗಲೂ ಆಗದೆ ಇರುವವರು ನಮ್ಮ ನಡುವೆಯೂ ಇದ್ದೀರಿ, ಹೆಸರು ಹೇಳುವುದಿಲ್ಲ. ನನ್ನ ಪ್ರಕಾರ ಇಡೀ ಆಲ್ಬಂನ ಅತ್ಯುತ್ತಮ ಹಾಡು ಇದು. ಒಬಾಮ ಪಟ್ಟಿಗೆ ಸೇರಬೇಕಿದ್ದದ್ದೂ ಇದೇ.

ಕೊನೆಗೆ 'ಸ್ಟ್ರೇಂಜರ್ಸ್'. ಫ್ರೀಜರಿನ ಒಳಗಿಂದ ಹಾಡುತ್ತಿದ್ದಾಳೆ. ನನ್ನಿಂದ ನಿನ್ನ ಹೊಟ್ಟೆ ತೊಳಸುತ್ತಿದೆಯಾ ಎಂದು ಕೊಂದವನನ್ನೇ ಕೇಳುತ್ತಾಳೆ. ಪೊಲೀಸರ ಸಾಕ್ಷಿ ಕಟ್ಟಿನಲ್ಲಿ ಒಂದು ಪೊಲರಾಯ್ಡ್ ಫೋಟೋ ಅಷ್ಟೇ ಈಗ ನಾನು ಅನ್ನುತ್ತಾಳೆ. ಗಿಟಾರುಗಳು ಆಕಾಶ ಮುಟ್ಟುತ್ತವೆ. ಆಮೇಲೆ ಎಲ್ಲ ಇಳಿದು, ಕೊನೆಯ ಮಾತು ಅಮ್ಮನಿಗೆ. ಪ್ರೀತಿ ಹೇಳಿ, ನೀನು ಇಲ್ಲಿಗೆ ಬಂದಾಗ ಸಿಗೋಣ ಅನ್ನುತ್ತಾಳೆ. ಶುರುವಿನಲ್ಲಿ ಪಾಸ್ಟರ್ ತಾಯಂದಿರ ಬಗ್ಗೆ ಏನೋ ಹೇಳುತ್ತಿದ್ದನಲ್ಲ, ನಾನು ಫ್ಯಾನ್ ಆಫ್ ಮಾಡಿಸಿದ್ದು ಇದಕ್ಕೇ.

ಆಮೇಲಿನ ಸಂಗತಿ ಚುಟುಕಾಗಿ. ಆಲ್ಬಂ ಮೊದಲು ಬಂದದ್ದು ಆನ್‌ಲೈನ್‌ನಲ್ಲಿ. ಮೂರು ವರ್ಷ ಬಿಟ್ಟು, 2025ರಲ್ಲಿ ವಿನೈಲ್ ತಟ್ಟೆ ಹೊರಬಂದಾಗ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 10ನೇ ಸ್ಥಾನ ಸಿಕ್ಕಿತು. ಬಹಿರಂಗವಾಗಿ ಟ್ರಾನ್ಸ್ ಎಂದು ಹೇಳಿಕೊಂಡ ಕಲಾವಿದರೊಬ್ಬರು ಅಲ್ಲಿ ಮೊದಲ ಹತ್ತರೊಳಗೆ ಬಂದದ್ದು ಅದೇ ಮೊದಲು. ಅದೇ ವರ್ಷ ಜನವರಿಯಲ್ಲಿ 'ಪರ್ವರ್ಟ್ಸ್' ಅನ್ನುವ, ಹಾಡು ಅನ್ನೋಕೆ ಕಷ್ಟವಾದ ಗುಂಯ್‌ಗುಡುವ ಕೃತಿಯೊಂದನ್ನು ಬಿಟ್ಟರು. 'ಅಮೆರಿಕನ್ ಟೀನೇಜರ್' ಕೇಳಿ ಬಂದವರನ್ನು ಓಡಿಸೋಕೇ ಮಾಡಿದ ಹಾಗಿದೆ. ಆಗಸ್ಟಿನಲ್ಲಿ ವಿಲೋಬಿ ಟಕರ್ ಹೆಸರಿನ ಆಲ್ಬಂ ಬಂತು, ಅದು ಈ ಕಥೆಗೂ ಹಿಂದಿನದು, ಅವಳ ಹೈಸ್ಕೂಲು ದಿನಗಳದ್ದು. ಮೊದಲಿನಿಂದ ಹೇಡನ್ ಮನಸ್ಸಿನಲ್ಲಿದ್ದದ್ದು ಮಗಳು, ತಾಯಿ, ಅಜ್ಜಿ ಮೂವರ ಕಥೆ.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು. ಇಂಥ ಕ್ರೂರ ಕಥೆ ಯಾಕೆ ಕೇಳಬೇಕು ಅಂತ ಒಬ್ಬರು ಕೇಳಿದರು. ನೀವು ದಿನಾ ಬೆಳಿಗ್ಗೆ ಪೇಪರಿನಲ್ಲಿ ಓದುವುದರಲ್ಲಿ ಸತ್ತವಳಿಗೆ ಮಾತಾಡಲು ಎಷ್ಟು ಸಾಲು ಸಿಗುತ್ತದೆ ಅಂತ ಕೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ, ಇರಲಿ.

ಮನೆಯವರ ಅಮ್ಮ ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಾ, "ಅಲ್ಲಪ್ಪಾ, ಆ ತಾಯಿ ಹುಡುಕಿಕೊಂಡು ಹೋಗಲಿಲ್ವಾ?" ಅಂದರು.

"ಆಲ್ಬಂನಲ್ಲಿ ಅದು ಇಲ್ಲ ಅಮ್ಮಾ. ತಾಯಿಯ ಕಥೆ ಬೇರೆ ಬರಬೇಕು."

"ಎಷ್ಟು ದೂರ ಅದು, ಅವರ ಊರಿಂದ?"

"3 ಸಾವಿರ ಕಿಲೋಮೀಟರ್ ಆಗುತ್ತೆ."

ಅವರು ಲೋಟ ಜೋಡಿಸುವುದನ್ನು ನಿಲ್ಲಿಸಿದರು. "ಬಸ್ಸಿತ್ತಾ?"

ಇತ್ತು ಅಂದೆ.